ಕಂಡಿಕೆಗೆ ಸಿಕ್ಕ ಬೆಳಕು

ನಾನು ಒಂದು ಕೇಬಲ್. ಈ ಮಾತು ಓದಿದ ಕೂಡಲೇ ನಿಮ್ಮ ಮೂಗು ಸೊಟ್ಟಗಾದದ್ದು ನನಗೆ ಕಾಣಿಸುತ್ತಿದೆ. ಆಗಲಿ. ನಿಮ್ಮಂಥವರನ್ನು ಬೇಕಾದಷ್ಟು ನೋಡಿದ್ದೇನೆ. ಫೋನಿನಲ್ಲಿ ಸಿನಿಮಾ ನಿಂತರೆ ನೀವು ಮೊದಲು ಬೈಯುವುದು ನನ್ನನ್ನು. ಸಲೀಸಾಗಿ ಓಡಿದರೆ ಹೊಗಳುವುದು ಮೂಲೆಯಲ್ಲಿ ಕೂತು ಹಸಿರು ಕಣ್ಣು ಮಿಟುಕಿಸುವ ವೈಫೈ ಡಬ್ಬಿಯನ್ನು. ಅದರ ಯೋಗ್ಯತೆ ಏನು? ನಾನು ಊರಾಚೆಯಿಂದ ಹೊತ್ತು ತಂದದ್ದನ್ನು ಮನೆತುಂಬ ಎರಚುವುದು. ಅಷ್ಟಕ್ಕೆ ಅದಕ್ಕೆ ಪೂಜೆ, ಅರಿಸಿನ, ಕುಂಕುಮ. ನನಗೆ ಕಾಗೆಯ ಹಿಕ್ಕೆ.

ತಾಮ್ರದ ತಂತಿಯೆಂದು ಮಾತ್ರ ತಿಳಿಯಬೇಡಿ. ಆ ಕುಲದವರ ಜೊತೆ ನನಗೆ ಊಟದ ಸಂಬಂಧವೂ ಇಲ್ಲ. ನನ್ನೊಳಗಿರುವುದು ಗಾಜಿನ ಎಳೆ. ಅದರಲ್ಲಿ ಓಡುವುದು ಕರೆಂಟಲ್ಲ, ಬೆಳಕು. ಫೈಬರ್ ಕೇಬಲ್ ಎಂದು ಕರೆಯುತ್ತಾರೆ. ಬೆಳಕಿನ ದಾರಿ ಎಂದು ಕರೆಯಬೇಕಿತ್ತು, ಆದರೆ ಹೆಸರಿಡುವವರಿಗೆ ಬುದ್ಧಿ ಸಾಲಲಿಲ್ಲ.

ನನ್ನ ಹುಟ್ಟು ಬೆಂಕಿಯಲ್ಲಿ. ಅಚ್ಚ ಗಾಜಿನ ದಪ್ಪ ಕೋಲೊಂದನ್ನು ಕುಲುಮೆಯ ಬಾಯಿಗೆ ಇಳಿಬಿಟ್ಟರು. ಆ ಕುಲುಮೆಯ ಕಾವಿಗೆ ಸೂರ್ಯನೇ ಎರಡು ಹೆಜ್ಜೆ ಹಿಂದೆ ಸರಿದ. ಕೋಲಿನ ತುದಿ ಕರಗಿ, ಜೇನಿನ ಹಾಗೆ ಎಳೆಯೆಳೆಯಾಗಿ ಕೆಳಗಿಳಿಯಿತು. ಕೂದಲಿನಷ್ಟು ಸಣ್ಣ ಎಳೆ. ಎಳೆ ಸಣ್ಣದಾದರೂ ಅದರ ನಿರ್ಮಲತೆ ಕೇಳಿ: ಸಮುದ್ರವನ್ನು ನೀರಿನ ಬದಲು ನನ್ನ ಗಾಜಿನಿಂದ ತುಂಬಿಸಿದ್ದರೆ, ದಂಡೆಯಲ್ಲಿ ನಿಂತು ತಳದ ಮೀನಿನ ಕಣ್ಣೆವೆ ಎಣಿಸಬಹುದಿತ್ತು. ಮೀನಿಗೆ ಕಣ್ಣೆವೆಯೇ ಇಲ್ಲ ಎನ್ನುತ್ತೀರಾ? ನನ್ನ ಗಾಜಿನಲ್ಲಿ ನೋಡಿದರೆ ಇರುತ್ತದೆ. ಇನ್ನು ವೇಗ. ನನ್ನೊಳಗೆ ಹೊಕ್ಕ ಬೆಳಕು ನೀವು ಒಮ್ಮೆ ರೆಪ್ಪೆ ಬಡಿದು ತೆರೆಯುವಷ್ಟರಲ್ಲಿ ಭೂಮಿಯನ್ನು ಏಳು ಸುತ್ತು ಹಾಕುತ್ತದೆ. ಗಾಜಿನೊಳಗೆ ಬೆಳಕಿನ ಓಟ ಸ್ವಲ್ಪ ನಿಧಾನ, ಪೂರಾ ಒಂದು ಸೆಕೆಂಡು ಕೊಟ್ಟರೂ ಐದೇ ಸುತ್ತು ಎಂದು ಹೊಟ್ಟೆಕಿಚ್ಚಿನವರು ಹೇಳುತ್ತಾರೆ. ಅವರು ನನ್ನ ಜೊತೆ ಓಡಿ ನೋಡಿದ್ದಾರೆಯೇ?

ಹೀಗೆ ಹುಟ್ಟಿದ ನಾಲ್ಕು ಎಳೆಗಳಿಗೆ ನಾಲ್ಕು ಬಣ್ಣ ಬಳಿದು ಒಂದು ಕೊಳವೆಯಲ್ಲಿ ಮಲಗಿಸಿದರು. ನೀರು ಇಳಿಯದ ಹಾಗೆ ಸುತ್ತ ಲೋಳೆ ತುಂಬಿದರು. ಮೇಲೆ ಉಕ್ಕಿನ ಕವಚ, ಅದರ ಮೇಲೆ ಬಿಸಿಲಿಗೆ ಬಿರಿಯದ ಕರಿಯ ಹೊದಿಕೆ. ಅಷ್ಟೆಲ್ಲ ಸೇರಿ ನಾನು. ರಾಜರಿಗೂ ಇಷ್ಟು ಉಡುಪು ಇರಲಿಲ್ಲ. ಮರದ ದೊಡ್ಡ ಗಾಲಿಗೆ ನನ್ನನ್ನು ಸುತ್ತಿ ಹುಬ್ಬಳ್ಳಿಯ ಒಂದು ಅಂಗಡಿಗೆ ಸಾಗಿಸಿದರು. ಆ ಲಾರಿಯ ಚಕ್ರಗಳು ನನ್ನ ಘನತೆ ತಾಳಲಾರದೆ ಎರಡು ಸಲ ಪಂಕ್ಚರ್ ಆದವು.

ಅಂಗಡಿಯಲ್ಲಿ ನನ್ನ ಪಕ್ಕಕ್ಕೆ ಒಂದು ಕಿತ್ತಳೆ ಬಣ್ಣದ ಕೇಬಲ್ ಸುರುಳಿ ಬಿದ್ದಿತ್ತು. ಬಾಗಿಲು ಮುಚ್ಚಿದ ಯಾವುದೋ ಕಚೇರಿಯ ಒಳಗಿಂದ ಕಿತ್ತು ತಂದದ್ದು. ಅದೂ ಗಾಜು, ನಾನೂ ಗಾಜು ಎಂದು ನನ್ನ ಹತ್ತಿರ ನೆಂಟಸ್ತಿಕೆ ಹೇಳಿಕೊಂಡು ಬಂತು. ನಾನು ಮಾತಾಡಿಸಲಿಲ್ಲ.

ಒಂದು ದಿನ ಬನಹಟ್ಟಿ ಕಡೆಯ ಮಗ್ಗದೂರಿನಿಂದ ಇಬ್ಬರು ಬಂದರು. ಮುಂದೆ ಬಂದವನು ಶ್ರೀಶೈಲ ಕೊಣ್ಣೂರ. ಹಿಂದೆ ಬಂದವನು ಅವನ ಅಕ್ಕ ಮಹಾನಂದಾಳ ಗಂಡ ಚಿದಾನಂದ. ಇಬ್ಬರೂ ಸೇರಿ ಆ ಊರಿನಲ್ಲಿ ಹಲವು ವರ್ಷ ಕೇಬಲ್ ಟಿವಿ ನಡೆಸಿದ್ದರು. ಈಗ ಊರಿಗೆ ಇಂಟರ್ನೆಟ್ ಕೊಡಬೇಕು, ಅದಕ್ಕೆ ಫೈಬರ್ ಎಳೆಯಬೇಕು ಎಂದು ಹೊರಟಿದ್ದರು. ಅಂಗಡಿಯ ಯಜಮಾನರು ಅವರನ್ನು ನಿಲ್ಲಿಸಿಕೊಂಡು, ಹೆಣ್ಣು ನೋಡಲು ಬಂದವರನ್ನು ವಿಚಾರಿಸುವ ಹಾಗೆ ಒಂದೊಂದೇ ಕೇಳಿದರು.

“ಎಷ್ಟ ದೂರ ಒಯ್ಯಾವ್ರು?”

“ಊರಿನ ಈ ತುದಿಯಿಂದ ಆ ತುದೀ ಮಗ್ಗದ ಶೆಡ್ಡಿನ ತನಕಾರಿ,” ಎಂದ ಶ್ರೀಶೈಲ.

“ಕಂಬದ ಮ್ಯಾಲೇನು? ಇಲಿ, ಅಳಿಲಿನ ಕಾಟ?”

“ಇಲಿ ಇಲ್ಲದ ನೇಕಾರ ಓಣಿ ಎಲ್ಲೈತ್ರಿ?”

“ಹಂಗಾರ ಈ ಕರೇದ ಒಯ್ರಿ. ಸಿಂಗಲ್ ಮೋಡ್, ಉಕ್ಕಿನ ಕವಚ. ಆ ಕಿತ್ತಳೆದು ಮಲ್ಟಿಮೋಡ್, ಅದು ಒಂದ ಕಟ್ಟಡದೊಳಗಿನ ಆಟಕ್ಕ. ಅರ್ಧ ಕಿಲೋಮೀಟರ್ ದಾಟಿತಂದ್ರ ಉಸಿರ ಬಿಡತದ. ಮತ್ತ ಇನ್ನೊಂದ ಮಾತ ನೆನಪಿಡ್ರಿ. ಇದು ಗಾಜು, ಹಗ್ಗ ಅಲ್ಲ. ಒಳಗಿನ ಎಳೀ ಸುತ್ತೂದಿದ್ರ ರೊಟ್ಟಿ ಅಗಲ ಸುತ್ತರಿ. ಪೂರಿಕಿಂತ ಸಣ್ಣ ಸುತ್ತಿದ್ರ ಬೆಳಕ ಅಲ್ಲೇ ಹೊರಗ ಸೋರತದ.”

ಯಜಮಾನರು ಹೇಳಿದ್ದು ನನ್ನ ಹಿರಿಮೆಯ ನೂರರಲ್ಲೊಂದು ಪಾಲು. ಉಳಿದದ್ದನ್ನು ನಾನೇ ಹೇಳುತ್ತೇನೆ. ನನ್ನ ಗಾಜಿನ ನಡುವಿನ ದಾರಿ ಎಷ್ಟು ಕಿರಿದೆಂದರೆ, ಬೆಳಕು ಅತ್ತಿತ್ತ ನೋಡದೆ ಒಂದೇ ಸಾಲಿನಲ್ಲಿ ನಡೆಯಬೇಕು. ಹಾಗೆ ನಡೆದದ್ದು ಹತ್ತೂರು ದಾಟಿದರೂ ದಣಿಯುವುದಿಲ್ಲ. ಆ ಕಿತ್ತಳೆಯ ಒಳಗೆ ದಾರಿ ಅಗಲ. ಬೆಳಕು ಗುಂಪಾಗಿ ನುಗ್ಗಿ, ಗೋಡೆಯಿಂದ ಗೋಡೆಗೆ ಬಡಿದುಕೊಳ್ಳುತ್ತ, ಒಂದು ಮೊದಲು ಒಂದು ಆಮೇಲೆ ಮುಟ್ಟುತ್ತದೆ. ಸಂತೆಯಿಂದ ಮರಳುವ ಜನದ ಹಾಗೆ. ನಾಲ್ಕು ಕೋಣೆಯ ಕಚೇರಿಯಲ್ಲಿ ಅದು ನಡೆದೀತು. ಊರು ದಾಟಲು ಹೊರಟರೆ ಕೊನೆಯ ಮನೆಗೆ ಮುಟ್ಟುವುದು ಬರೀ ಗದ್ದಲ. ಇನ್ನು ಆ ತೆಳು ಕಿತ್ತಳೆ ಅಂಗಿ ಬಿಸಿಲಿಗೂ ಅಲ್ಲ, ಮಳೆಗೂ ಅಲ್ಲ, ಇಲಿಗಂತೂ ಅದು ಫಳಾರ. ಕೇಬಲ್ ಆರಿಸುವವರು ದೂರ ಕೇಳಬೇಕು, ಜಾಗ ಕೇಳಬೇಕು, ಕಡಿಯುವ ಹಲ್ಲು ಯಾವುದಿದೆ ಎಂದು ಕೇಳಬೇಕು. ಬಣ್ಣ ನೋಡಿ, ಬೆಲೆ ನೋಡಿ ಆರಿಸುವವರಿಗೆ ಬಣ್ಣವಷ್ಟೇ ಸಿಗುತ್ತದೆ.

ಆದರೆ ಚಿದಾನಂದ ಕೇಳುವ ಪೈಕಿ ಅಲ್ಲ. ಕಿತ್ತಳೆ ಸುರುಳಿಯ ಮೇಲೆ ಕಾಲಿಟ್ಟು ನಿಂತು ಹೇಳಿದ: “ಎರಡರಾಗೂ ಗಾಜು, ಎರಡರಾಗೂ ಬೆಳಕು. ಕರೇ ಅಂಗಿ ನೋಡಿ ಮಳ್ಳಾಗಾಂವ ನಾ ಅಲ್ಲ.”

ಶ್ರೀಶೈಲ ನಕ್ಕ. ಆ ನಗುವೇ ಕೆಡಿಸಿತು. ಅಂಗಡಿಯವರ ಮುಂದೆ, ಅಳಿಯನಾದವನ ಮುಖದ ಮೇಲೆ, ಹೆಂಡತಿಯ ತಮ್ಮ ನಗುವುದೆಂದರೇನು? ಮಾತಿಗೆ ಮಾತು ಬೆಳೆದು, ಹಳೆಯ ಡಿಶ್ ಆಂಟೆನಾ ಯಾರ ತಲೆಯಿಂದ ಬಂತು ಎನ್ನುವತನಕ ಹೋಯಿತು. ಕೊನೆಗೆ ಶ್ರೀಶೈಲ ನನ್ನನ್ನು ಕೊಂಡ, ಚಿದಾನಂದ ಕಿತ್ತಳೆಯನ್ನು ಕೊಂಡ. ಕೂಡಿ ಬಂದವರು ಒಂದೇ ಬಸ್ಸಿನ ಮುಂದಿನ ಸೀಟಿನಲ್ಲಿ ಒಬ್ಬ, ಹಿಂದಿನ ಸೀಟಿನಲ್ಲಿ ಒಬ್ಬ ಕೂತು ಊರಿಗೆ ಮರಳಿದರು. ಒಂದಿದ್ದ ಧಂದೆ ಎರಡಾಯಿತು. ನನಗೋಸ್ಕರ ಒಂದು ಮನೆತನ ಒಡೆಯಿತು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ಎಂತೆಂಥವರಿಗೋ ಯುದ್ಧಗಳಾಗಿವೆ, ನಾನೇನು ಕಡಿಮೆ?

ಎರಡು ಮನೆಗಳೂ ಬೆನ್ನಿಗೆ ಬೆನ್ನು ಹಚ್ಚಿದಂತಿದ್ದವು. ಶ್ರೀಶೈಲನ ಹಿತ್ತಲಿಗೂ ಚಿದಾನಂದನ ಹಿತ್ತಲಿಗೂ ನಡುವೆ ಎದೆಯೆತ್ತರದ ಒಂದು ಗೋಡೆ, ಅದರಲ್ಲಿ ಬಾಗಿಲಿಲ್ಲದ ಒಂದು ಸಂದು. ಗಂಡಸರು ಮಾತು ಬಿಟ್ಟ ಮೇಲೂ ಆ ಸಂದಿನಲ್ಲಿ ಹೆಂಗಸರ ಓಡಾಟ ನಿಂತಿರಲಿಲ್ಲ. ಮಹಾನಂದಾ ಉಪ್ಪಿನಕಾಯಿ ನೆಪ ಮಾಡಿ ತವರಿಗೆ ಬರುತ್ತಿದ್ದಳು. ತಾಯಿ ಗಂಗವ್ವ ಮಜ್ಜಿಗೆ ನೆಪ ಮಾಡಿ ಮಗಳ ಮನೆಗೆ ಇಣುಕುತ್ತಿದ್ದಳು.

ನನ್ನನ್ನು ಕಂಬದಿಂದ ಕಂಬಕ್ಕೆ ಎಳೆದರು. ಅಬ್ಬ, ಆ ದಿನಗಳ ವೈಭವ! ಕಂಬಗಳು ನನ್ನನ್ನು ಹೊರಲು ಸರದಿ ನಿಂತವು. ಕೇಬಲ್ ಟಿವಿಯ ಹಳೆಯ ತಾಮ್ರದ ತಂತಿ ಅದೇ ಕಂಬಗಳಲ್ಲಿ ಗಂಟುಗಂಟಾಗಿ ನೇತಾಡುತ್ತಿತ್ತು. “ನನ್ನ ಕಾಲದಾಗ ಊರ ತುಂಬ ಧಾರಾವಾಹಿ ನಾನ ತೋರಿಸೇನಿ,” ಎಂದು ಗೊಣಗಿತು. ಮುದುಕಾ, ಸುಮ್ಮನೆ ನೇತಾಡು ಎಂದೆ. ಒಂದು ಅಳಿಲು ನನ್ನ ರುಚಿ ನೋಡಲು ಬಂತು. ಉಕ್ಕಿಗೆ ಹಲ್ಲು ಕೊಟ್ಟ ಆ ಅಳಿಲು ಇವತ್ತಿಗೂ ಶೇಂಗಾ ನೆನೆಸಿ ತಿನ್ನುತ್ತದೆ. ಕಿತ್ತಳೆಯ ಕಥೆ ಬೇರೆ. ಅದು ನಾಲ್ಕು ಓಣಿ ದಾಟುವಷ್ಟರಲ್ಲಿ ಏದುಸಿರು ಬಿಡತೊಡಗಿತು. ಚಿದಾನಂದ ಕಂಬಕಂಬಕ್ಕೆ ಡಬ್ಬಿ ಕಟ್ಟಿ, ಬೆಳಕಿಗೆ ಅಲ್ಲಲ್ಲಿ ಮತ್ತೆ ಉಸಿರು ಊದಿ ಮುಂದೆ ಕಳಿಸಬೇಕಾಯಿತು. ಮಳೆ ಬಂದರೆ ಡಬ್ಬಿ ಸಾಯುವುದು, ಅವನು ಏಣಿ ಹೊತ್ತು ಓಡುವುದು. ಅವನ ಬಾಳೆಲ್ಲ ಏಣಿಯ ಮೇಲೆ ಎಂದು ಊರು ನಗುತ್ತಿತ್ತು. ಆ ಏಣಿಯ ಮಾತು ನೆನಪಿಡಿ.

ನನ್ನ ಈ ಕಡೆಯ ತುದಿ ಮುಗಿಯುವುದು ಶ್ರೀಶೈಲನ ಮನೆಯ ಪಡಸಾಲೆಯಲ್ಲಿ. ಅದೇ ಅವನ ಕಚೇರಿ. ಗೋಡೆಯ ಮೇಲೆ ಒಂದು ಪೆಟ್ಟಿಗೆ. ಅದರ ಕೆಳಗೆ ನನ್ನ ಕವಚವೆಲ್ಲ ಸುಲಿದು, ಒಳಗಿನ ಬೆತ್ತಲೆ ಎಳೆಯನ್ನು ಮುಂದೆ ಬೇಕಾದೀತೆಂದು ಒಂದಷ್ಟು ಉಳಿಸಿ, ರೊಟ್ಟಿ ಅಗಲದ ಸುರುಳಿ ಮಾಡಿ ಮೊಳೆಗೆ ತೂಗುಹಾಕಿದ್ದರು. ಅದನ್ನು ಬೆಸೆದವನು ಹುಬ್ಬಳ್ಳಿಯ ದಾವಲಸಾಬ. ಗಾಜಿಗೆ ಗಾಜು ಬೆಸೆಯುವ ಯಂತ್ರ ಹೊತ್ತು ಊರೂರು ತಿರುಗುವವನು. ಅವನ ಬಾಯಿ ನನ್ನ ಬಾಯಿಗಿಂತ ದೊಡ್ಡದು ಎಂದರೆ ಉಳಿದದ್ದು ನೀವೇ ಊಹಿಸಿ. ರೊಟ್ಟಿ ಅಗಲ, ಪೂರಿ ಅಗಲದ ಮಾತನ್ನು ಅವನೂ ಶ್ರೀಶೈಲನಿಗೆ ಹೇಳಿ ಹೋದ. ಶ್ರೀಶೈಲ ಆ ಮಾತನ್ನು ಕಂಬ ಹತ್ತುವ ಆಳುಗಳಿಗೆ ಹೇಳಿದ. ಗಿರಾಕಿಗಳ ಮನೆಮನೆಗೆ ಹೋಗಿ ಹೇಳಿದ. ಚಹಾದಂಗಡಿಯಲ್ಲಿ ಕೂತು ಯಾರೂ ಕೇಳದಿದ್ದರೂ ಹೇಳಿದ. ದಿನವಿಡೀ ಆ ಸುರುಳಿಯ ಕೆಳಗೇ ಚಾಪೆ ಹಾಸಿ ಕೂರುತ್ತಿದ್ದ ಸ್ವಂತ ತಾಯಿಗೆ ಹೇಳಲಿಲ್ಲ. ಧಂದೆಯ ಮಾತು ಅವ್ವನಿಗೆ ಯಾಕೆ?

ಗಂಗವ್ವನ ಬಗ್ಗೆ ಒಂದು ಮಾತು ತಿಳಿದಿರಬೇಕು. ಅವಳು ಹುಟ್ಟಾ ನೇಕಾರರ ಮಗಳು. ಕೈಮಗ್ಗ ಇದ್ದ ಕಾಲದಿಂದ ಕಂಡಿಕೆ ಸುತ್ತಿದವಳು. ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ಬೆರಳುದ್ದದ ಕೊಳವೆ. ಅದರ ಮೇಲೆ ಹೊಕ್ಕಿನ ನೂಲನ್ನು ಒತ್ತೊತ್ತಾಗಿ, ಒಂದರ ಮೇಲೊಂದು ಏರದ ಹಾಗೆ, ನುಣ್ಣಗೆ ಸುತ್ತಬೇಕು. ಸಡಿಲ ಸುತ್ತಿದರೆ ನೇಯುವಾಗ ನೂಲು ಸಿಕ್ಕಾಗುತ್ತದೆ, ಸುತ್ತಿದವಳ ಹೆಸರು ಕೆಡುತ್ತದೆ. ಆ ಓಣಿಯಲ್ಲಿ ಸೊಸೆ ತರುವಾಗ ಅವಳ ಕೈಯ ಕಂಡಿಕೆ ತರಿಸಿ ನೋಡುತ್ತಿದ್ದರಂತೆ. ಗಂಗವ್ವನ ಕಂಡಿಕೆಯನ್ನು ಕೆಳಗೆ ಬೀಳಿಸಿದರೂ ಒಂದು ಎಳೆ ಬಿಚ್ಚುತ್ತಿರಲಿಲ್ಲ. ಅಂಥವಳ ಕಣ್ಣೆದುರು ಗೋಡೆಯ ಮೇಲೆ ನನ್ನ ಎಳೆ ಜೋಲುಬಿದ್ದು ತೂಗಾಡುತ್ತಿತ್ತು. ಅವಳು ದಿನವೂ ನೋಡುತ್ತಿದ್ದಳು. ಆ ನೋಟ ನನಗೆ ಆಗಲೇ ಹಿಡಿಸಿರಲಿಲ್ಲ.

ನಾಗರ ಪಂಚಮಿ ಹತ್ತಿರ ಬಂತು. ಪಂಚಮಿಗೆ ಮುಂಚೆ ಆ ಸೀಮೆಯಲ್ಲಿ ರೊಟ್ಟಿ ಹಬ್ಬ. ಸಜ್ಜೆ, ಜೋಳದ ಖಡಕ್ ರೊಟ್ಟಿ ಬಡಿದು, ಕಾಳುಪಲ್ಯ, ಶೇಂಗಾ ಚಟ್ನಿ ಜೊತೆ ನೆರೆಮನೆಗಳಿಗೆಲ್ಲ ಹಂಚುತ್ತಾರೆ. ಗಂಗವ್ವನ ಮೊದಲ ರೊಟ್ಟಿ ಸಂದಿನಾಚೆಯ ಮಗಳಿಗೆ. ಆಮೇಲೆ ಪಂಚಮಿಗೆ ಮಗಳು ತವರಿಗೆ ಬರಬೇಕು, ಉಂಡಿ ತಿನ್ನಬೇಕು, ಜೋಕಾಲಿ ಆಡಬೇಕು. ಮುದುಕಿ ವರ್ಷವಿಡೀ ಕಾಯುತ್ತಿದ್ದದ್ದು ಆ ಹಬ್ಬವೊಂದಕ್ಕೆ.

ಅದೇ ಹೊತ್ತಿಗೆ ನೇಕಾರರ ಸಂಘದವರು ಊರಾಚೆಯ ಮಗ್ಗದ ಶೆಡ್ಡುಗಳಿಗೆಲ್ಲ ಇಂಟರ್ನೆಟ್ ಬೇಕೆಂದರು. ಸೊಲ್ಲಾಪುರದ ವ್ಯಾಪಾರಿಗಳಿಗೆ ಶೆಡ್ಡಿನಿಂದಲೇ ಸೀರೆ ಬಿಡಿಸಿ ತೋರಿಸಬೇಕು, ನಡುವೆ ಚಿತ್ರ ನಿಲ್ಲಬಾರದು. ಯಾರ ಲೈನು ಗಟ್ಟಿಯೋ ಅವರಿಗೆ ಕೆಲಸ. ರೊಟ್ಟಿ ಹಬ್ಬದ ಹಿಂದಿನ ದಿನ ಬೆಳಗ್ಗೆ ಪರೀಕ್ಷೆ, ಮೊದಲು ಶ್ರೀಶೈಲನದು, ಆಮೇಲೆ ಚಿದಾನಂದನದು. ನಾನಿರುವಾಗ ಪರೀಕ್ಷೆ ಯಾಕೆ? ಆ ಏದುಸಿರಿನ ಕಿತ್ತಳೆ ನನ್ನ ಎದುರು ನಿಲ್ಲುವುದೆಂದರೆ ಆನೆಯ ಎದುರು ಇರುವೆ ತೊಡೆ ತಟ್ಟಿದ ಹಾಗೆ.

ಆ ದಿನ ಶ್ರೀಶೈಲ ಹೊಸ ಅಂಗಿ ತೊಟ್ಟು ಶೆಡ್ಡಿಗೆ ಹೊರಟ. ಅವನು ಅತ್ತ ಹೋದ, ಇತ್ತ ಗಂಗವ್ವ ಹಬ್ಬಕ್ಕೆಂದು ಪಡಸಾಲೆ ಬಳಿಯಲು ನಿಂತಳು. ಜೇಡರ ಬಲೆ ತೆಗೆದಳು, ಗೋಡೆ ಒರೆಸಿದಳು, ದೇವರ ಪಟ ಒರೆಸಿದಳು. ಆಮೇಲೆ ಸೊಂಟಕ್ಕೆ ಕೈಯಿಟ್ಟು ನನ್ನ ಸುರುಳಿಯನ್ನು ನೋಡಿದಳು. ಒಳಗೆ ಹೋಗಿ ಹಳೆಯ ಖಾಲಿ ಕಂಡಿಕೆಯೊಂದನ್ನು ತಂದಳು. ಮೊಳೆಯಿಂದ ನನ್ನನ್ನು ಇಳಿಸಿ, ಸುತ್ತತೊಡಗಿದಳು. ಒಂದು ಸುತ್ತಿಗೆ ನನ್ನ ಬೆಳಕು ಒಂದಿಷ್ಟು ಹೊರಗೆ ಚೆಲ್ಲಿತು. ಇನ್ನೊಂದಕ್ಕೆ ಇನ್ನೊಂದಿಷ್ಟು. ಆ ಬೆಳಕು ನಿಮ್ಮ ಕಣ್ಣಿಗೆ ಕಾಣುವಂಥದ್ದಲ್ಲ. ನಾನು ಕೂಗಿದೆ. ಏಳು ಲೋಕಕ್ಕೆ ಕೇಳುವಂತೆ ಕೂಗಿದೆ. ಗಾಜಿನ ಕೂಗು ಯಾರಿಗೆ ಕೇಳುತ್ತದೆ? ಮುದುಕಿ ಹಳೆಯ ಹಾಡೊಂದನ್ನು ಗುನುಗುತ್ತ, ಒತ್ತೊತ್ತಾಗಿ, ನುಣ್ಣಗೆ, ಒಂದು ಎಳೆ ಇನ್ನೊಂದರ ಮೇಲೆ ಏರದ ಹಾಗೆ ಸುತ್ತಿ ಮುಗಿಸಿ, ಕಂಡಿಕೆಯನ್ನು ಪೆಟ್ಟಿಗೆಯ ಹಿಂದೆ ಸಿಗಿಸಿದಳು. ಸುಳ್ಳು ಹೇಳಲಾರೆ, ಅಷ್ಟು ಅಚ್ಚುಕಟ್ಟಾಗಿ ಕಾರ್ಖಾನೆಯವರೂ ನನ್ನನ್ನು ಸುತ್ತಿರಲಿಲ್ಲ. ಕೊರಳು ಹಿಸುಕುವವರಿಗೂ ಕೈಚಳಕ ಇರುತ್ತದೆ.

ಶೆಡ್ಡಿನಲ್ಲಿ ಸಂಘದ ಅಧ್ಯಕ್ಷರು ಸೀರೆಯ ಸೆರಗು ಬಿಡಿಸಿ ಹಿಡಿದಿದ್ದರು. ಸೊಲ್ಲಾಪುರದವನ ಮುಖ ಪರದೆಯ ಮೇಲೆ ಅರ್ಧ ಬಾಯಿ ತೆರೆದು ನಿಂತುಬಿಟ್ಟಿತು. ಶೆಡ್ಡಿನ ವೈಫೈ ಡಬ್ಬಿಯಲ್ಲಿ ಕೆಂಪು ದೀಪ. ಶ್ರೀಶೈಲ ಹೊರಗೆ ಓಡಿಬಂದು, ತಲೆಯೆತ್ತಿ ಕಂಬ ಕಂಬ ನೋಡುತ್ತ ಮನೆಯ ಕಡೆ ಬಂದ. ಮನೆಯ ತಿರುವಿನ ಕಂಬದಲ್ಲಿ ಏಣಿ. ಏಣಿಯ ಮೇಲೆ ಚಿದಾನಂದ, ಕೈಯಲ್ಲಿ ಇಕ್ಕಳ. ಅವನು ತನ್ನ ಪರೀಕ್ಷೆಗಾಗಿ ತನ್ನದೇ ಸತ್ತ ಡಬ್ಬಿಯನ್ನು ಎಬ್ಬಿಸುತ್ತಿದ್ದ. ಆದರೆ ಅದೇ ಕಂಬದಲ್ಲಿ ನಾನೂ ಹಾದುಹೋಗಿದ್ದೆ.

“ಕಡದ್ರಲ್ಲ ಮಾಮಾ,” ಎಂದ ಶ್ರೀಶೈಲ.

“ಏನ ಕಡದೆ?”

“ನನ್ನ ಲೈನ. ಇವತ್ತ ಪರೀಕ್ಷಾ ಐತಂತ ಗೊತ್ತಿದ್ದ ಕಡದ್ರಿ.”

“ನಿನ್ನ ಲೈನ ನಿನ್ನ ತಲೀ ಮ್ಯಾಲ ನೆಟ್ಟಗ ಐತಿ. ಕಣ್ಣ ತೆರೆದ ನೋಡು.”

ಶ್ರೀಶೈಲ ನೋಡಲಿಲ್ಲ. ಹುಬ್ಬಳ್ಳಿಯ ಅಂಗಡಿಯಿಂದ ಕಟ್ಟಿಟ್ಟ ಸಿಟ್ಟಿಗೆ ಕಣ್ಣಿರುವುದಿಲ್ಲ. ಪಕ್ಕದ ಕಂಬಕ್ಕೆ ಹತ್ತಿ, ಓಣಿಯ ಜನರೆಲ್ಲ ನೋಡುತ್ತಿರುವಾಗಲೇ, ಕಿತ್ತಳೆ ಕೇಬಲನ್ನು ಕಚಕ್ಕನೆ ಕತ್ತರಿಸಿದ. ಬೆಣ್ಣೆ ಕತ್ತರಿಸಿದಷ್ಟು ಸಲೀಸು. ನನಗೆ ಬಹಳ ಸಂತೋಷವಾಯಿತು, ಮುಚ್ಚಿಡುವುದು ಯಾಕೆ?

ಚಿದಾನಂದ ಏಣಿಯಿಂದ ಇಳಿದು, ಅದನ್ನು ಶ್ರೀಶೈಲನ ಮನೆಯ ಮುಂದಿನ ಕಂಬಕ್ಕೆ ಒರಗಿಸಿದ. ಇಕ್ಕಳ ನನ್ನ ಮೇಲೆ ಬಿತ್ತು. ನನ್ನ ಉಕ್ಕಿಗೆ ಇಕ್ಕಳದ ಹಲ್ಲು ಉದುರಿತು. ಗರಗಸ ತರಿಸಿದ. ಗರಗಸ ಬೆವರಿತು. ಹತ್ತು ಜನರ ಬಲ ಬೇಕಾಯಿತು ಎಂದು ಬರೆದುಕೊಳ್ಳಿ, ಒಬ್ಬನೇ ಇದ್ದನೆಂದು ಯಾರಾದರೂ ಹೇಳಿದರೆ ನಂಬಬೇಡಿ. ಕೊನೆಗೆ ನಾನು ಎರಡು ತುಂಡಾಗಿ ಜೋತುಬಿದ್ದೆ. ಚಿದಾನಂದ ಮೇಲಿನಿಂದಲೇ ಹೇಳಿದ: “ಕಡಿಯೂದಂದ್ರ ಹಿಂಗ ಇರತೈತಿ, ನೋಡು. ಈಗ ಹೇಳು ಎಲ್ಲಾರ ಮುಂದ, ಕಡದಾಂವ ಯಾರಂತ.”

ಅಧ್ಯಕ್ಷರು ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡೇ ಬಂದಿದ್ದರು. ಇಬ್ಬರನ್ನೂ ನೋಡಿ, ಮೊದಲು ಒಬ್ಬರನ್ನೊಬ್ಬರು ಕಡಿದುಕೊಂಡು ಮುಗಿಸಿರಿ, ಸಂಘಕ್ಕೆ ಬೇರೆ ಊರಿನವರನ್ನು ಹುಡುಕಿಕೊಳ್ಳುತ್ತೇವೆ ಎಂದು ಹೇಳಿ ಹೊರಟುಹೋದರು. ಹಾಗೇ ಮಾಡಿದರು ಕೂಡ.

ಸಂಜೆ ಹಿತ್ತಲ ಗೋಡೆಯಾಚೆಯಿಂದ ಚಿದಾನಂದನ ದನಿ ಕೇಳಿತು. ಹೆಂಡತಿಗೆ ಹೇಳಿದ್ದು, ಆದರೆ ಕೇಳಿಸಬೇಕಾದದ್ದು ಈಚೆಗೆ. ತನ್ನನ್ನು ಕಳ್ಳನೆಂದ ಮನೆಯ ರೊಟ್ಟಿ ತನ್ನ ಹೊಸ್ತಿಲು ದಾಟಕೂಡದು. ಈ ವರ್ಷದಿಂದ ಅವಳಿಗೆ ತವರೂ ಇಲ್ಲ, ಪಂಚಮಿಯೂ ಇಲ್ಲ. ಮರುದಿನದ ರೊಟ್ಟಿಗೆ ಹಿಟ್ಟು ನಾದುತ್ತಿದ್ದ ಗಂಗವ್ವನ ಕೈ ನಿಂತಿತು. ಶ್ರೀಶೈಲ ಪಡಸಾಲೆಯಲ್ಲೇ ಇದ್ದ. ಅವನಿಗೂ ಕೇಳಿತು. ಅವನು ಟಿವಿಯ ದನಿ ಜೋರು ಮಾಡಿದ.

ಮರುದಿನ ದಾವಲಸಾಬ ಯಂತ್ರ ಹೊತ್ತು ಬಂದ. ಕಡಿದಲ್ಲಿ ಬೆಸೆದುಕೊಡು ಎಂದ ಶ್ರೀಶೈಲ. ಬೆಸೆಯುವ ಮೊದಲು ಉಳಿದ ತುಂಡು ಸರಿಯಿದೆಯೋ ಎಂದು ನೋಡುವುದು ದಾವಲಸಾಬನ ಪದ್ಧತಿ. ಅದಕ್ಕೆ ಅವನ ಹತ್ತಿರ ಒಂದು ಪೆನ್ನಿನಂಥ ದೀಪ. ಅದರ ಕೆಂಪು ಬೆಳಕನ್ನು ಎಳೆಯ ಈ ತುದಿಗೆ ಬಿಟ್ಟರೆ ಆ ತುದಿಯಲ್ಲಿ ಮಿನುಗಬೇಕು. ಮಿನುಗದಿದ್ದರೆ ಬೆಳಕು ಎಲ್ಲಿ ಸೋರುತ್ತಿದೆಯೋ ಅಲ್ಲಿ ಗಾಜು ಕೆಂಪಗೆ ಹೊಳೆಯುತ್ತದೆ. ಪಡಸಾಲೆಯ ಪೆಟ್ಟಿಗೆಯಿಂದ ಕೆಂಪು ಬೆಳಕು ಬಿಟ್ಟ. ಆಳು ಹೊರಗೆ ಕಂಬದ ಕಡೆಯಿಂದ ಏನೂ ಕಾಣವಲ್ಲದು ಎಂದು ಕೂಗಿದ. ದಾವಲಸಾಬ ಪೆಟ್ಟಿಗೆಯ ಹಿಂದೆ ಇಣುಕಿದ. ಕೈಹಾಕಿ ಕಂಡಿಕೆಯನ್ನು ಹೊರಗೆಳೆದ.

ಕಂಡಿಕೆ ಕೆಂಡದ ಹಾಗೆ ಉರಿಯುತ್ತಿತ್ತು. ಸುತ್ತು ಸುತ್ತಿನಲ್ಲೂ ಕೆಂಪು. ಒಂದು ಕಡೆ ಮಸುಕು ಇಲ್ಲ, ಒಂದು ಕಡೆ ಹೆಚ್ಚಿಲ್ಲ. ಅಷ್ಟು ಸಮನಾಗಿ ಸುತ್ತಿದ್ದಳು ಮುದುಕಿ. ನಾನು ಬದುಕಿನಲ್ಲಿ ಅಷ್ಟು ಚೆಂದ ಹೊಳೆದದ್ದು ಅದೊಂದೇ ಸಲ, ಅದೂ ಸತ್ತ ಮೇಲೆ.

“ಏ ಶ್ರೀಶೈಲಪ್ಪ,” ಎಂದ ದಾವಲಸಾಬ, “ಇದು ಕಡಿಯೂಕಿಂತ ಮೊದಲ ಸತ್ತೈತಿ. ಹೆಣಾ ಕಡದಾನ ನಿಮ್ಮ ಮಾಮಾ.”

ಶ್ರೀಶೈಲ ಹಿಂದಕ್ಕೆ ತಿರುಗಿದ. ಗಂಗವ್ವ ರೊಟ್ಟಿಯ ಬುಟ್ಟಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ಅವ್ವ, ಇದನ್ನ ಸುತ್ತಿದವ್ರು ಯಾರು?”

“ನಾನಪಾ. ಹಬ್ಬ ಬಂತಲ್ಲ. ಮನ್ಯಾಗ ದಾರ ಹಂಗ ಜೋತಾಡಬೇಕೇನು?”

ರೊಟ್ಟಿ ಅಗಲ, ಪೂರಿ ಅಗಲವನ್ನು ದಾವಲಸಾಬ ಅವಳಿಗೆ ಮೊದಲ ಸಲ ಬಿಡಿಸಿ ಹೇಳಿದ. ಅವಳು ಕೇಳಿಸಿಕೊಂಡು, ಮಗನ ಕಡೆ ನೋಡಿದಳು. ಇಷ್ಟು ದಿನ ಇದನ್ನು ನನಗೆ ಯಾಕೆ ಹೇಳಲಿಲ್ಲ ಎಂದು ಆ ನೋಟ ಕೇಳಿತು. ಶ್ರೀಶೈಲ ಬೇರೆ ಮಾತಾಡಿದ.

“ಆಗಿದ್ದ ಆತು. ಅವ್ವ, ಯಾರ ಮುಂದೂ ಬಾಯಿ ಬಿಡಬ್ಯಾಡ. ಸಾಬಣ್ಣ, ನೀನೂ. ಓಣ್ಯಾಗೆಲ್ಲ ಅವನೇ ಕಡದಾನಂತ ಆಗೇತಿ. ಹಂಗ ಇರಲಿ.”

“ಅವಾ ಕಡದಾನೇನು?” ಎಂದಳು ಗಂಗವ್ವ.

“ಆಮ್ಯಾಲರೆ ಕಡದಾನಲ್ಲ.”

“ಆಮ್ಯಾಲಿಂದು ಬ್ಯಾರೆ.”

ದಾವಲಸಾಬ ಕಂಡಿಕೆಯ ಎಳೆ ಬಿರುಕು ಬಿಟ್ಟಿದೆ, ಕಂಬದಿಂದ ಮನೆಯತನಕ ಹೊಸದೇ ಬೇಕು ಎಂದು ನನ್ನನ್ನು ಪೆಟ್ಟಿಗೆಯಿಂದ ಕತ್ತರಿಸಿದ. ಕಂಡಿಕೆ ಬಿಡಿಯಾಯಿತು. ಗಂಗವ್ವ ಅದನ್ನು ಅವನ ಕೈಯಿಂದ ತೆಗೆದುಕೊಂಡು ರೊಟ್ಟಿಯ ಮೇಲಿಟ್ಟಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಹಿತ್ತಲಿಗೆ ನಡೆದಳು. ಶ್ರೀಶೈಲ ಹಿಂದೆ ಹಿಂದೆ ಬಂದ, ಅವ್ವಾ ಅವ್ವಾ ಎಂದ, ಸಂದಿನ ಈಚೆ ನಿಂತುಬಿಟ್ಟ. ಕಂಡಿಕೆಯ ಮೇಲಿದ್ದದ್ದು ನನ್ನದೇ ಮೈ. ಹಾಗಾಗಿ ಆಚೆ ನಡೆದದ್ದನ್ನು ನಾನು ಕಣ್ಣಾರೆ ಕಂಡೆ, ಬೇರೆಯವರ ಮಾತು ಕೇಳಿ ಹೇಳುತ್ತಿಲ್ಲ.

ಆ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಜೊತೆ ನೇರ ಮಾತಾಡುವುದಿಲ್ಲ. ಹೇಳುವುದಿದ್ದರೆ ಮಗಳಿಗೆ ಹೇಳುವುದು, ಅಳಿಯ ಪಕ್ಕದಲ್ಲೇ ಕೂತಿದ್ದರೂ. ಮದುವೆಯಾದಂದಿನಿಂದ ಚಿದಾನಂದ ತನ್ನ ಅತ್ತೆಯ ದನಿಯನ್ನು ಗೋಡೆಯಾಚೆಯಿಂದಲೋ ಹೆಂಡತಿಗೆ ಹೇಳಿದ ಮಾತಿನಲ್ಲೋ ಕೇಳಿದ್ದ. ಅವನು ಹಿತ್ತಲಲ್ಲಿ ತುಂಡಾದ ಕಿತ್ತಳೆಯನ್ನು ಸುತ್ತುತ್ತ ಕೂತಿದ್ದ. ಮಹಾನಂದಾ ಬೇವಿನ ಮರದ ಕೆಳಗೆ ಬಟ್ಟೆ ಹಿಂಡುತ್ತಿದ್ದವಳು ತಾಯಿಯನ್ನು ಕಂಡು ಗಾಬರಿಯಿಂದ ಎದ್ದಳು. ಗಂಗವ್ವ ಮಗಳನ್ನು ದಾಟಿ ಮುಂದೆ ಹೋಗಿ, ಬುಟ್ಟಿಯನ್ನು ಅಳಿಯನ ಮುಂದೆ ಇಟ್ಟಳು.

“ಅಳಿಯಂದ್ರ, ಇದನ್ನ ನೋಡ್ರಿ,” ಎಂದಳು, ಅವನಿಗೇ. “ನನ್ನ ಮಗನ ಲೈನ ನೀವು ಕಡದಿದ್ದಿಲ್ಲ. ನಾ ಸುತ್ತಿದ್ದೆ. ಸುತ್ತಿದ್ದಕ್ಕ ಸತ್ತಿತ್ತು. ಕಳ್ಳ ಅನಿಸಿಕೊಳ್ಳೂದಿದ್ರ ನಾ ಅನಿಸಿಕೊಂತೀನಿ. ನನ್ನ ಮಗಳ ಪಂಚಮಿ ಕಸಗೋಬ್ಯಾಡ್ರಿ.”

ಚಿದಾನಂದ ಎದ್ದು ನಿಂತ. ಅತ್ತೆ ನಿಂತಿರುವಾಗ ಕೂತಿರುವುದು ಹೇಗೆಂದು ಎದ್ದನೋ, ಆ ದನಿ ಕೇಳಿ ಎದ್ದನೋ. ಕಂಡಿಕೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಸಂದಿನಾಚೆ ನಿಂತ ಶ್ರೀಶೈಲನನ್ನೂ ನೋಡಿದ. ಆಮೇಲೆ ಹೇಳಿದ:

“ಸುತ್ತೂದು ಭಾಳ ಛಂದ ಸುತ್ತೀರಿ, ಅತ್ತಿ. ನಿಮ್ಮ ಮಗಗ ಹೇಳ್ರಿ, ನನ್ನ ಕಿತ್ತಳೆದ್ದಾಗಿದ್ರ ಹಿಂಗ ಸುತ್ತಿದ್ರೂ ಬೆಳಕ ಬರತಿತ್ತಂತ.”

ಅಪ್ಪಟ ಸುಳ್ಳು. ಬಿರುಕು ಬಿಟ್ಟಿದ್ದರೂ ನನ್ನ ಮೈ ಉರಿದುಹೋಯಿತು. ಶ್ರೀಶೈಲನ ಮೈಯೂ ಉರಿಯಿತು, ಬಾಯಿ ತೆರೆದ. ಗಂಗವ್ವ ತಿರುಗಿ ಒಂದು ನೋಟ ನೋಡಿದಳು. ಬಾಯಿ ಮುಚ್ಚಿತು. ಚಿದಾನಂದ ಬಗ್ಗಿ ಮೇಲಿನ ರೊಟ್ಟಿ ಮುರಿದು ಒಂದು ಚೂರು ಬಾಯಿಗೆ ಹಾಕಿಕೊಂಡ. ಖಡಕ್ ರೊಟ್ಟಿ. ಅವನು ಅಗಿಯುವ ಸದ್ದು ಎರಡೂ ಹಿತ್ತಲಿಗೆ ಕೇಳಿತು.

ಇಷ್ಟಾದ ಮೇಲೆ ಇಬ್ಬರೂ ಅಪ್ಪಿಕೊಂಡರು ಎಂದು ನೀವು ಕಾಯುತ್ತಿದ್ದರೆ ಕಾಯುತ್ತಿರಿ. ಅವರು ಇವತ್ತಿಗೂ ಮಾತಾಡುವುದಿಲ್ಲ. ಒಬ್ಬ ಬರುವುದನ್ನು ಕಂಡರೆ ಇನ್ನೊಬ್ಬ ತಲೆಯೆತ್ತಿ ಕಂಬ ನೋಡುತ್ತಾನೆ. ಸಂಘದ ಕೆಲಸ ಇಬ್ಬರಿಗೂ ತಪ್ಪಿತು. ಮಹಾನಂದಾ ಮಾತ್ರ ಆ ಪಂಚಮಿಗೆ ತವರಿಗೆ ಬಂದಳು. ಜೋಕಾಲಿ ಎಷ್ಟು ಮೇಲೆ ಹೋಯಿತೆಂದರೆ ಅವಳ ಕಾಲು ಮೋಡಕ್ಕೆ ತಾಗಿ ಎರಡು ಹನಿ ಮಳೆ ಬಿತ್ತು.

ನನ್ನ ಉಳಿದ ಮೈ ಈಗಲೂ ಕಂಬಗಳ ಮೇಲಿದೆ, ಹೊಸ ತುಂಡಿನ ಜೊತೆ ಬೆಸೆದುಕೊಂಡು ಬೆಳಕು ಹೊರುತ್ತಿದೆ. ಅದೂ ನಾನೂ ಮಾತಾಡುವುದಿಲ್ಲ, ಇದು ಮನೆತನದ ಗುಣ. ಕಂಬದಿಂದ ಮನೆಗೆ ಬಂದಿದ್ದ ಈ ತುಂಡನ್ನು ಗುಜರಿಗೆ ಹಾಕಲು ಹೊರಟಿದ್ದರು. ಆ ಕರೇ ವಾಯರ್ ಗಟ್ಟಿ ಐತಿ, ಬಿಸಾಕಬ್ಯಾಡ್ರಿ ಎಂದು ಮಹಾನಂದಾ ಕೇಳಿ ಪಡೆದಳು. ಗಂಗವ್ವನ ಹಿತ್ತಲ ಗೂಟದಿಂದ ಹೊರಟು, ಗೋಡೆಯ ಸಂದು ದಾಟಿ, ಅವಳ ಬೇವಿನ ಮರದತನಕ ನನ್ನನ್ನು ಬಿಗಿದಿದ್ದಾರೆ. ನನ್ನ ಮೇಲೆ ಎರಡೂ ಮನೆಯ ಬಟ್ಟೆ. ಭೂಮಿಯನ್ನು ಏಳು ಸುತ್ತು ಹಾಕಿದವನ ಮೇಲೆ ಹಸಿ ಪಂಚೆ. ಗಾಳಿ ಬಂದರೆ ಶ್ರೀಶೈಲನ ಅಂಗಿಯ ತೋಳು ಚಿದಾನಂದನ ಪಂಚೆಗೆ ಪಟಪಟ ಹೊಡೆಯುತ್ತದೆ. ನಾನು ಬೇಕೆಂದೇ ಒಮ್ಮೊಮ್ಮೆ ಮೈ ಕೊಡವಿ ಪಂಚೆಯನ್ನು ಮಣ್ಣಿಗೆ ಬೀಳಿಸುತ್ತೇನೆ. ಗಾಳಿಯನ್ನು ಬೈಯುತ್ತಾರೆ. ನೋಡದೆ ತೀರ್ಪು ಕೊಡುವುದನ್ನು ಈ ಮನೆಗಳವರು ಇನ್ನೂ ಬಿಟ್ಟಿಲ್ಲ. ಕಿತ್ತಳೆಯ ತುಂಡಿನಿಂದ ಚಿದಾನಂದ ಕಟ್ಟಿಗೆ ಹೊರೆ ಕಟ್ಟಿದ್ದ. ಇಲಿ ತಿಂದಿತು. ಇಷ್ಟು ಸುಖ ನನಗೆ ಸಾಕು.

ಒಂದು ಮಾತು ಉಳಿದಿದೆ. ಗೂಟದ ಹತ್ತಿರ ನನ್ನ ಒಂದಿಷ್ಟು ತುದಿ ಹೆಚ್ಚಾಗಿ ಉಳಿದಿದೆ. ಬಟ್ಟೆ ಹಾಕಲು ಬಂದಾಗಲೆಲ್ಲ ಗಂಗವ್ವ ಅದನ್ನು ನೋಡುತ್ತಾಳೆ. ಅವಳ ಬೆರಳುಗಳು ತಮ್ಮಷ್ಟಕ್ಕೆ ಒತ್ತಾಗಿ ಸುತ್ತಲು ಹೊರಡುತ್ತವೆ, ಅರ್ಧಕ್ಕೆ ನಿಲ್ಲುತ್ತವೆ. ಆಮೇಲೆ ಬಿಚ್ಚಿ, ದೊಡ್ಡದಾಗಿ, ರೊಟ್ಟಿ ಅಗಲಕ್ಕೆ ಸುತ್ತಿ ಗೂಟಕ್ಕೆ ತೂಗುಹಾಕುತ್ತಾಳೆ. ನನ್ನೊಳಗೆ ಈಗ ಬೆಳಕಿಲ್ಲ ಮುದುಕಿ, ಹೇಗೆ ಸುತ್ತಿದರೂ ನಡೆಯುತ್ತದೆ ಎಂದು ಹೇಳಬೇಕೆನಿಸುತ್ತದೆ.

ಹೇಳುವುದಿಲ್ಲ. ಸುತ್ತಲಿ.